ಗಲಾಟೆ ಕಂಡ ಮಕ್ಕಳು, ಯಕ್ಷಗಾನದ ಹೆಜ್ಜೆ: ಕರಾವಳಿಯ ಒಂದು ಪ್ರಕರಣ

ಕುಮಟಾ ಮತ್ತು ಹೊನ್ನಾವರದ ನಡುವೆ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿದರೆ ಸಿಗುವ ಊರುಗಳಲ್ಲಿ ಒಂದು. ಅಲ್ಲಿನ ಪ್ರೌಢಶಾಲೆಯಲ್ಲಿ ಜನವರಿಯಿಂದ ಮೇ ತನಕ ಯಕ್ಷಗಾನದ ಹೆಜ್ಜೆ ಕಲಿಸುವ ತರಗತಿ ನಡೆಯಿತು. ಕಲಿತವರು 18 ಮಕ್ಕಳು, 12ರಿಂದ 16 ವರ್ಷದವರು. ಅದಕ್ಕೂ ಮೊದಲು, ಮಳೆಗಾಲ ಮುಗಿಯುವ ಹೊತ್ತಿಗೆ, ಆ ಊರಿನ ಎರಡು ಕೇರಿಗಳ ನಡುವೆ ಗಲಾಟೆ ಆಗಿತ್ತು. ಕಲ್ಲು ಬಿದ್ದವು, ಒಂದು ಅಂಗಡಿ ಸುಟ್ಟಿತು, ಪೊಲೀಸ್ ವ್ಯಾನು ವಾರಗಟ್ಟಲೆ ಬಸ್ ನಿಲ್ದಾಣದಲ್ಲಿ ನಿಂತಿತು. ತರಗತಿಗೆ ಬಂದ ಮಕ್ಕಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ರಾತ್ರಿಯನ್ನು ಕಂಡವರು.

ಊರಿನ ಹೆಸರು, ವರ್ಷ, ಯಾವ ಕೇರಿ, ಯಾವ ಜನ ಎಂಬುದನ್ನು ಬರೆಯುತ್ತಿಲ್ಲ. ಊರು ಸಣ್ಣದು, ಒಂದು ವಿವರ ಕೊಟ್ಟರೂ ಮಗು ಯಾವುದು ಎಂದು ಗೊತ್ತಾಗಿಬಿಡುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಸಹ ಇದನ್ನೇ ಹೇಳುತ್ತದೆ: ಅಪರಾಧಕ್ಕೆ ಬಲಿಯಾದ ಮಗುವಿರಲಿ, ಸಾಕ್ಷಿಯಾದ ಮಗುವಿರಲಿ, ಆರೋಪ ಹೊತ್ತ ಮಗುವಿರಲಿ, ಗುರುತು ಹೊರಗೆ ಬರುವಂತಿಲ್ಲ. ಈ ತರಗತಿಯಲ್ಲಿ ಮೂರೂ ಬಗೆಯ ಮಕ್ಕಳು ಇದ್ದರು.

ನಾನು ಆಪ್ತ ಸಮಾಲೋಚಕಿ. ಕಲಿಸುವ ಕೆಲಸ ಗುರುಗಳದ್ದು. ನಾನು ವೇದಿಕೆಯ ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ, ಪಾಲಕರ ಜೊತೆ ಮಾತಾಡುತ್ತಿದ್ದೆ, ಬೇಕಾದಾಗ ಮಕ್ಕಳನ್ನು ಆಸ್ಪತ್ರೆಗೆ ಕಳಿಸುತ್ತಿದ್ದೆ.

ನಮ್ಮ ಜಿಲ್ಲೆಗೆ ಗಲಾಟೆ ಹೊಸದಲ್ಲ. 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಉರಿದಿತ್ತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಶುರುವಾಗಿದ್ದು ಕುಮಟಾ, ಶಿರಸಿಗೂ ಹಬ್ಬಿತು. ಪ್ರತಿ ಸಲವೂ ನಿಷೇಧಾಜ್ಞೆ, ಕೇಸು, ಶಾಂತಿ ಸಭೆ ಎಲ್ಲ ಆಗುತ್ತವೆ. ಶಾಂತಿ ಸಭೆಗೆ ಎರಡೂ ಕಡೆಯ ಹಿರಿಯರನ್ನು ಕರೆಯುತ್ತಾರೆ. ಮಂಚದ ಕೆಳಗೆ ಅಡಗಿ ಕೂತಿದ್ದ ಮಗುವನ್ನು ಯಾರು ಕರೆಯುತ್ತಾರೆ? ಶಾಲೆ ತೆರೆದ ಮರುದಿನದಿಂದ ಆ ಮಗು ಹಾಜರಿ ಹೇಳುತ್ತದೆ, ಎಲ್ಲ ಸರಿಹೋಯಿತು ಎಂದು ದೊಡ್ಡವರು ಅಂದುಕೊಳ್ಳುತ್ತಾರೆ.

ಹುಡುಗಿ

ಅವಳಿಗೆ 13 ವರ್ಷ, ಎಂಟನೇ ಕ್ಲಾಸು. ಆ ರಾತ್ರಿ ಮನೆಯ ಶೀಟಿನ ಮೇಲೆ ಕಲ್ಲು ಬಿದ್ದಾಗ ತಮ್ಮನನ್ನು ಎಳೆದುಕೊಂಡು ಮಂಚದ ಕೆಳಗೆ ಹೋದವಳು, ಪೊಲೀಸರು ಬರುವ ತನಕ ಹೊರಗೆ ಬಂದಿರಲಿಲ್ಲ. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು. ಕ್ಲಾಸಿನಲ್ಲಿ ಬಾಗಿಲ ಪಕ್ಕದ ಜಾಗವೇ ಬೇಕು. ಯಾರದೋ ಟಿಫಿನ್ ಡಬ್ಬಿ ಬಿದ್ದರೆ ಇಡೀ ಮೈ ಅದುರುತ್ತಿತ್ತು. ಮಳೆ ಜೋರಾಗಿ ಶೀಟಿನ ಮೇಲೆ ಬಿದ್ದರೆ ರಾತ್ರಿ ನಿದ್ದೆ ಇಲ್ಲ. ಸುಮ್ನೆ ನಾಟಕ ಎಂದವರೂ ಇದ್ದರು.

ಅವಳನ್ನು ಎಲ್ಲರೂ ಕೇಳಿದ್ದರು. ಪೊಲೀಸರು, ಸಂಬಂಧಿಕರು, ಊರಿಗೆ ಬಂದ ಮುಖಂಡರು, ಮೊಬೈಲ್ ಹಿಡಿದು ಬಂದ ಯಾರ್ಯಾರೋ. ‘ಏನಾಯ್ತು ಹೇಳು, ಹೇಳಿದ್ರೆ ಮನಸ್ಸು ಹಗುರ ಆಗ್ತದೆ’ ಎಂದು ಒತ್ತಾಯ. ಹೇಳಿದ ಪ್ರತಿ ಸಲವೂ ಅವತ್ತು ರಾತ್ರಿ ಹೊಟ್ಟೆನೋವು ಜಾಸ್ತಿ ಆಗುತ್ತಿತ್ತು ಎಂದು ತಾಯಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆಘಾತ ಕಂಡವರನ್ನು ಘಟನೆಯ ಬಗ್ಗೆ ಒತ್ತಾಯ ಮಾಡಿ ಮಾತಾಡಿಸಬಾರದು. ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. ಅಷ್ಟೇ.

ಹಾಗಾಗಿ ಮಾತಿಲ್ಲದ ಏನಾದರೂ ಬೇಕಿತ್ತು. ಮೈ ಹೆದರಿದೆ, ಮೈಯಿಂದಲೇ ಶುರು ಮಾಡೋಣ ಎಂದು ಯೋಚಿಸಿದೆವು.

ಶಾಲೆಯವರು ಮೊದಲು ಹೇಳಿದ್ದು ಸಿನಿಮಾ ಹಾಡಿನ ಡಾನ್ಸು. ಮಕ್ಕಳಿಗೂ ಅದೇ ಇಷ್ಟ ಇತ್ತು. ಆದರೆ ಹತ್ತಿರದಲ್ಲೇ ಯಕ್ಷಗಾನದ ಒಬ್ಬ ನಿವೃತ್ತ ವೇಷಧಾರಿ ಇದ್ದರು, ಅವರೇ ನಮ್ಮ ಗುರುಗಳಾದರು. ಹೊನ್ನಾವರ ತಾಲೂಕು ಎಂದರೆ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಬಡಗಣ ಶೈಲಿಯ, ನೆಲ ಅಲ್ವಾ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇವತ್ತಿಗೂ ಇದೆ, ಅಲ್ಲಿ ಮಕ್ಕಳಿಗೆ ಕಲಿಸುವ ಕೇಂದ್ರವೂ ಇದೆ. ಇಲ್ಲಿನ ಮಕ್ಕಳು ಆಟ ನೋಡದೆ ಬೆಳೆದಿರುವುದಿಲ್ಲ. ಸಿನಿಮಾ ಡಾನ್ಸಿನಲ್ಲಿ ಹಾಡು ರೆಕಾರ್ಡಿನಿಂದ ಬರುತ್ತದೆ, ಮಗು ಅದರ ಹಿಂದೆ ಓಡಬೇಕು. ಯಕ್ಷಗಾನದಲ್ಲಿ ಹಾಡುವವರು, ಬಾರಿಸುವವರ ಹಿಮ್ಮೇಳ ಎದುರಿಗೇ ಇರುತ್ತದೆ. ಕುಣಿಯುವವರು ತಡೆದರೆ ಬಾರಿಸುವವರು ಕಾಯುತ್ತಾರೆ. ಹೆದರಿದ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಜಾಗದ ಪ್ರಶ್ನೆ ಬಂತು. ಒಂದು ದೇವಸ್ಥಾನದ ಸಭಾಭವನ ಪುಕ್ಕಟೆ ಸಿಗುತ್ತಿತ್ತು, ಫ್ಯಾನು ಸಹಿತ. ಬೇಡ ಎಂದೆವು. ಎರಡೂ ಕೇರಿಯ ಮಕ್ಕಳು ಅಳುಕಿಲ್ಲದೆ ಕಾಲಿಡುವ ಜಾಗ ಊರಿನಲ್ಲಿ ಒಂದೇ ಇತ್ತು, ಶಾಲೆ. ಅಲ್ಲಿನ ಸಿಮೆಂಟಿನ ವೇದಿಕೆ, ಮೇಲೆ ಶೀಟು, ಮೂರು ಕಡೆ ತೆರವು. ತೆರವಾಗಿದ್ದದ್ದೇ ಒಳ್ಳೆಯದಾಯಿತು. ಯಾರಿಗೆ ಬೇಕಾದರೂ ಯಾವಾಗ ಬೇಕಾದರೂ ಇಳಿದು ಹೋಗಬಹುದು, ಯಾಕೆ ಎಂದು ಯಾರೂ ಕೇಳುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆವು.

ಒಬ್ಬ ತಾಯಿ ಬಂದು ಕೇಳಿದರು: ‘ಪೂಜೆ ಎಲ್ಲ ಉಂಟನಾ? ನಮ್ಮಲ್ಲಿ ಅದು ನಡಿಯೂದಿಲ್ಲ.’ ನ್ಯಾಯವಾದ ಪ್ರಶ್ನೆ. ವೇಷ ಕಟ್ಟುವ ಚೌಕಿಯಲ್ಲಿ ಪೂಜೆ ಆಗದೆ ಯಕ್ಷಗಾನದ ಆಟ ಶುರುವಾಗುವುದಿಲ್ಲ. ಗುರುಗಳಿಗೂ ಗಣಪತಿಗೆ ಕೈಮುಗಿಯದೆ ಗೆಜ್ಜೆ ಮುಟ್ಟಿ ಅಭ್ಯಾಸವಿಲ್ಲ. ಅವರು ಒಂದು ದಿನ ಯೋಚಿಸಿ ಹೇಳಿದರು, ‘ನನ್ನ ಪೂಜೆ ನಾನು ಮನೆಯಲ್ಲಿ ಮಾಡ್ಕಂಡು ಬರ್ತೆ. ಇಲ್ಲಿ ಬರೀ ಹೆಜ್ಜೆ, ತಾಳ.’ ವೇಷ ಇಲ್ಲ, ಕಿರೀಟ ಇಲ್ಲ, ಪ್ರಸಂಗದ ಕಥೆ ಇಲ್ಲ. ಆ ತಾಯಿ ಮರುವಾರ ಮಗಳನ್ನು ಕಳಿಸಿದರು. ಇಡೀ ಪ್ರಕರಣದಲ್ಲಿ ದೊಡ್ಡವರು ಮಾಡಿದ ದೊಡ್ಡ ಕೆಲಸ ಗುರುಗಳ ಆ ಒಂದು ತೀರ್ಮಾನ ಎಂದು ನಾನು ನಂಬಿದ್ದೇನೆ.

ಚಂಡೆ

ಬಡಗುತಿಟ್ಟು ಎಂದ ಮೇಲೆ ಚಂಡೆ ಬೇಕು. ಎರಡು ತೆಳು ಕೋಲು, ಬಿಗಿದ ಚರ್ಮ, ಹೊಡೆದರೆ ಗದ್ದೆಯ ಆಚೆ ದಂಡೆಗೂ ಕೇಳುವ ಸದ್ದು. ಶೀಟಿನ ಮೇಲೆ ಕಲ್ಲು ಬಿದ್ದ ಸದ್ದಿಗೂ ಇದಕ್ಕೂ ಈ ಮಕ್ಕಳ ಮೈಗೆ ಜಾಸ್ತಿ ವ್ಯತ್ಯಾಸ ತಿಳಿಯದು. ಆಘಾತ ಕಂಡವರು ಸದ್ದಿಗೆ ಬೆಚ್ಚುವುದು ಮನಸ್ಸಿನ ದೌರ್ಬಲ್ಯವಲ್ಲ. ಮೆದುಳು ಇನ್ನೂ ಕಾವಲು ಕಾಯುತ್ತಿರುತ್ತದೆ, ಸದ್ದು ಏನು ಎಂದು ತಿಳಿಯುವ ಮೊದಲೇ ಮೈಗೆ ಓಡಲು ಅಪ್ಪಣೆ ಕೊಡುತ್ತದೆ.

ಅದಕ್ಕೇ ಮೊದಲ ತಿಂಗಳು ಚಂಡೆ ಬರಲಿಲ್ಲ. ಗುರುಗಳು ಅಂಗೈಯಿಂದ ಬೆಂಚು ತಟ್ಟಿ ತಾಳ ಹಾಕಿದರು, ಬಾಯಲ್ಲಿ ‘ತಕಧಿಮಿ’ ಹೇಳಿದರು. ಆಮೇಲೆ ಮದ್ದಳೆ ಬಂತು. ಅದರ ದನಿ ಮೆತ್ತಗೆ, ಬೆರಳಿನದ್ದು. ಚಂಡೆ ಬಂದ ದಿನ ಯಾರೂ ಬಾರಿಸಲಿಲ್ಲ, ವೇದಿಕೆಯ ನಡುವೆ ಇಟ್ಟು ಮಕ್ಕಳನ್ನೇ ಕರೆದರು. ‘ಯಾರು ಬೇಕಾದ್ರೂ ಹೊಡೀರಿ. ಹೊಡಿಯೂ ಮೊದಲು ಕೋಲು ಎತ್ತಿ ಎಲ್ರಿಗೂ ತೋರಿಸಿ.’ ಅಷ್ಟೇ ನಿಯಮ. ಕೋಲು ಮೇಲೆ ಹೋದದ್ದು ಕಂಡರೆ ಸದ್ದು ಬರುತ್ತದೆ ಎಂದು ಗೊತ್ತಾಗುತ್ತದೆ. ಆ ದಿನ ವೇದಿಕೆಯ ಮೇಲೆ ಬರೀ ಗದ್ದಲ, ಲಯ ಎಂಬುದೇ ಇರಲಿಲ್ಲ. ನಮ್ಮ ಹುಡುಗಿ ವೇದಿಕೆ ಇಳಿದು ಬಾವಿಕಟ್ಟೆಯ ತನಕ ಹೋಗಿ ನಿಂತಳು. ಯಾರೂ ಕರೆಯಲಿಲ್ಲ. ಎಲ್ಲರೂ ಹೊಡೆದು ಮುಗಿಸಿದ ಮೇಲೆ ತಾನೇ ಬಂದು, ಕೋಲು ಎತ್ತಿ ತೋರಿಸಿ, ಒಂದೇ ಒಂದು ಪೆಟ್ಟು ಹೊಡೆದು ಹೋದಳು.

ಈ ಕೋಲು ಎತ್ತಿ ತೋರಿಸುವ ನಿಯಮ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಹೊಸ ಮದ್ದಳೆಗಾರರು ಬಂದಾಗ ಚಂಡೆಯವರು ಕಣ್ಣಿನಿಂದ, ಕೈಯಿಂದ ಸೂಚನೆ ಕೊಡುವುದು ರಂಗದಲ್ಲಿ ಇದ್ದದ್ದೇ ಎಂದು ಗುರುಗಳು ಹೇಳಿದರು.

ಹಿಮ್ಮಡ

ಹೆಜ್ಜೆ ಶುರುವಾದ ಕೆಲವೇ ದಿನಕ್ಕೆ ಗುರುಗಳು ಒಂದು ವಿಷಯ ಹಿಡಿದರು. ಹುಡುಗಿಯ ಹಿಮ್ಮಡ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಮಂಡಿ ಬಾಗಿಸಿ ನಿಲ್ಲುವಾಗಲೂ ಭಾರ ಪೂರ್ತಿ ತುದಿಗಾಲಿನ ಮೇಲೆ. ಅಂಗಾಲು ಬಡಿದರೆ ಬರಬೇಕಾದ ದಪ್ಪ ಸದ್ದು ಬರುತ್ತಿರಲಿಲ್ಲ, ಟಪ್ ಎಂದು ಬೆರಳಿನ ಸದ್ದು ಅಷ್ಟೇ. ‘ತಂಗೀ, ಹಿಮ್ಮಡ ಊರು. ಎಲ್ಲಿಗೆ ಓಡ್ತೆ?’ ಎಂದರು. ಅವರಿಗೆ ಆ ಮನೆಯ ಕಥೆ ಗೊತ್ತಿರಲಿಲ್ಲ. ಯಾವ ಮಗುವಿಗೆ ಏನಾಗಿತ್ತು ಎಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಓಡಲು ಸಿದ್ಧವಾಗಿ ನಿಂತ ಕಾಲನ್ನು ಅವರು ಕಾಲಾಗಿಯೇ ಓದಿದ್ದರು.

ಇನ್ನೊಂದು: ಅವಳು ಯಾವಾಗಲೂ ತಾಳಕ್ಕಿಂತ ಚೂರು ಹಿಂದೆ. ಪೆಟ್ಟು ಬೀಳಬೇಕು, ಅದನ್ನು ಕೇಳಬೇಕು, ಆಮೇಲೆ ಕಾಲು ಏಳಬೇಕು. ತಾಳಕ್ಕೆ ಸರಿಯಾಗಿ ಹೆಜ್ಜೆ ಬೀಳಬೇಕಾದರೆ ಮುಂದಿನ ಪೆಟ್ಟು ಬಂದೇ ಬರುತ್ತದೆ ಎಂದು ನಂಬಿ ಕಾಲನ್ನು ಮೊದಲೇ ಎತ್ತಿರಬೇಕು. ಅವಳಲ್ಲಿ ಉಳಿದಿರದಿದ್ದದ್ದು ಆ ನಂಬಿಕೆಯೇ. ಮುಂದೆ ಏನು ಬರುತ್ತದೆ ಎಂಬ ಖಾತ್ರಿ ಒಂದು ರಾತ್ರಿಯಲ್ಲಿ ಹೋಗಿತ್ತು. ಏಕತಾಳದ ನಾಲ್ಕು ಅಕ್ಷರವನ್ನು ನೂರು ಸಲ, ಐನೂರು ಸಲ ಅದೇ ಜಾಗದಲ್ಲಿ ಕೇಳಿಸುತ್ತಾ ಹೋದರೆ ಖಾತ್ರಿ ಸ್ವಲ್ಪ ಸ್ವಲ್ಪವೇ ವಾಪಸ್ ಬರುತ್ತದೆ. ಕುಣಿತದ ತರಗತಿ ಇಂಥ ಮಕ್ಕಳಿಗೆ ಕೊಡುವ ಮೊದಲ ವಸ್ತು ಖುಷಿ ಎಂದು ತುಂಬ ಜನ ಬರೆಯುತ್ತಾರೆ. ನಾನು ಕಂಡದ್ದು ಬೇರೆ. ಖುಷಿ ಆಮೇಲೆ ಬಂತು. ಮೊದಲು ಬಂದದ್ದು ಖಾತ್ರಿ.

ಅದಕ್ಕೇ ಗುರುಗಳು ಹೊಸ ಹೊಸ ಹೆಜ್ಜೆ ಕಲಿಸಲು ಅವಸರ ಮಾಡಲಿಲ್ಲ. ಫೆಬ್ರವರಿ ಮುಗಿಯುವ ತನಕ ಬರೀ ಏಕತಾಳ. ಮಕ್ಕಳಿಗೆ ಬೇಸರ ಬಂತು, ಬರಲಿ ಎಂದರು. ಬೇಸರ ಬರುವುದು ಒಳ್ಳೆಯ ಲಕ್ಷಣ ಎಂದು ನನಗೂ ಅನ್ನಿಸಿತು, ಹೆದರಿದ ಮಗುವಿಗೆ ಬೇಸರ ಬರುವುದಿಲ್ಲ. ಆಮೇಲೆ ಏಳು ಅಕ್ಷರದ ತ್ರಿವಿಡೆ, ಹತ್ತು ಅಕ್ಷರದ ಝಂಪೆ ಬಂದವು. ಪ್ರತಿ ಪಾಠದ ಕೊನೆಗೆ ಮುಕ್ತಾಯ ಇರಲೇಬೇಕು, ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ.

ಮಾರ್ಚ್ ನಡುವಿನ ಒಂದು ಶನಿವಾರ ಅವಳ ಹಿಮ್ಮಡ ಊರಿತು. ಸಿಮೆಂಟಿನ ಮೇಲೆ ಧಪ್ ಎಂದ ಸದ್ದಿಗೆ ಅವಳೇ ಕೆಳಗೆ ನೋಡಿಕೊಂಡಳು. ಗುರುಗಳು ಏನೂ ಹೇಳದೆ ಮುಂದಿನ ಆವರ್ತ ತಟ್ಟಿದರು.

ಒಟ್ಟಿಗೆ ಕುಣಿಯುವುದರ ಬಗ್ಗೆ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. 2015ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರೆಜಿಲ್‌ನ ಹೈಸ್ಕೂಲ್ ವಿದ್ಯಾರ್ಥಿಗಳನ್ನು ಗುಂಪು ಮಾಡಿ ಕುಣಿಸಿದರು. ಒಂದೇ ಚಲನೆಯನ್ನು ಒಟ್ಟಿಗೆ ಮಾಡಿದವರಲ್ಲಿ ನೋವು ತಡೆಯುವ ಶಕ್ತಿ ಜಾಸ್ತಿಯಾಗಿತ್ತು, ಜೊತೆಯವರ ಬಗ್ಗೆ ಹತ್ತಿರದ ಭಾವನೆಯೂ ಜಾಸ್ತಿಯಾಗಿತ್ತು. ಮೈ ದಣಿಯುವ ಹಾಗೆ ಕುಣಿದವರಲ್ಲೂ ಹಾಗೇ. ಸುಗ್ಗಿಯಲ್ಲಿ ಮನೆ ಮನೆಗೆ ಕುಣಿದು ಹೋಗುವ ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರಿಗೆ ಇದನ್ನು ಹೇಳಿದರೆ ಹೌದಲ್ವಾ ಎಂದಾರು. ಆದರೂ ಶಾಲೆಯವರ ಮುಂದೆ, ಇಲಾಖೆಯವರ ಮುಂದೆ ಇಡಲು ಇಂಥ ಅಧ್ಯಯನ ಬೇಕಾಗುತ್ತದೆ.

ಹುಡುಗ

ಅವನಿಗೆ 16. ಆ ರಾತ್ರಿ ಕಲ್ಲು ಎಸೆದವರ ಜೊತೆ ಇದ್ದ ಎಂದು ಅವನ ಮೇಲೆ ಕೇಸು ಇತ್ತು. ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟು ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಇಟ್ಟಿತ್ತು. ಅವನನ್ನು ತರಗತಿಗೆ ಸೇರಿಸುವುದಕ್ಕೆ ವಿರೋಧ ಬಂತು. ಹೊಡೆದವನಿಗೂ ಕುಣಿತ ಕಲಿಸುತ್ತೀರಾ ಎಂದು ಒಬ್ಬರು ಮುಖದ ಮೇಲೆಯೇ ಕೇಳಿದರು. ಹೌದು, ಅವನಿಗೂ ಬೇಕು. ಅವನ ಕೇರಿಯಲ್ಲಿ ಒಂದಿಷ್ಟು ಜನ ಅವನನ್ನು ಹೀರೋ ಮಾಡಿದ್ದರು, ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದರು. ಹುಡುಗನಿಗೆ ಎರಡೂ ಕಡೆ ನಿಲ್ಲಲು ಜಾಗ ಇರಲಿಲ್ಲ. ಅವನನ್ನು ಹಾಗೇ ಬಿಟ್ಟರೆ ಮುಂದಿನ ಗಲಾಟೆಗೆ ಕರೆಯಲು ಜನ ಸಿದ್ಧರಿರುತ್ತಾರೆ.

ಅವನದ್ದು ಹುಡುಗಿಗೆ ತದ್ವಿರುದ್ಧ. ಪೆಟ್ಟು ಬೀಳುವ ಮೊದಲೇ ಕಾಲು ಬೀಳುತ್ತಿತ್ತು, ಕಾಯುವುದೇ ಆಗುತ್ತಿರಲಿಲ್ಲ. ವಿಲಂಬದಲ್ಲಿ, ನಿಧಾನಕ್ಕೆ, ಕುಣಿ ಎಂದರೆ ಬೆವರುತ್ತಿದ್ದ. ಎಲ್ಲರಿಗಿಂತ ಮೊದಲು ಮಂಡಿ ಕಲಿಸಿ ಎಂದು ಗೋಗರೆದ, ಮೊಣಕಾಲ ಮೇಲೆ ತಿರುಗುವುದು ಹುಡುಗರಿಗೆ ದೊಡ್ಡ ಆಸೆ. ‘ಕಾಯ್ಲಿಕ್ಕೆ ಬಂದ ದಿನ ಮಂಡಿ’ ಎಂದು ಗುರುಗಳು ಷರತ್ತು ಹಾಕಿದರು. ಅವನು ಸಿಟ್ಟಿನಿಂದ ಒಂದು ವಾರ ಬರಲಿಲ್ಲ. ಆಮೇಲೆ ಬಂದ. ಏಪ್ರಿಲ್‌ನಲ್ಲಿ ಮಂಡಿ ಕಲಿತ, ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು.

ಇಬ್ಬರೂ ಮೊದಲ ವಾರಗಳಲ್ಲಿ ಒಂದೇ ಸಮಯಕ್ಕೆ ಬರುತ್ತಿರಲಿಲ್ಲ, ಅವನು ತಡವಾಗಿ ಸೇರಿದವನು. ಅವನು ಬಂದ ದಿನವೇ ಹುಡುಗಿ ನನ್ನ ಬೆಂಚಿನ ಹತ್ತಿರ ಬಂದು ಹೇಳಿದಳು, ‘ಅಂವ ಇದ್ರೆ ನಾ ಬರೂದಿಲ್ಲ.’ ಆ ಮೊದಲು ಅವಳು ತಾನಾಗಿ ನನ್ನ ಹತ್ತಿರ ಏನನ್ನೂ ಹೇಳಿರಲಿಲ್ಲ. ಬೇಡ ಎಂದು ಹೇಳುವ ದನಿ ಅವಳಿಗೆ ವಾಪಸ್ ಬಂದದ್ದು ನನಗೆ ಹಿಮ್ಮಡ ಊರಿದ್ದಷ್ಟೇ ಮುಖ್ಯವಾಗಿ ಕಂಡಿತು.

ಎರಡೂ ಕಡೆಯ ಮಕ್ಕಳು ಕೈ ಕೈ ಹಿಡಿದು ಕುಣಿದರು ಎಂಬ ಫೋಟೋ ಎಲ್ಲರಿಗೂ ಬೇಕು. ಪಂಚಾಯಿತಿಯವರಿಗೂ ಬೇಕಿತ್ತು. ಆ ಫೋಟೋಗಾಗಿ ಹುಡುಗಿಯನ್ನು ಒಪ್ಪಿಸುವುದು ಅವಳ ಮೇಲೆ ಇನ್ನೊಂದು ಬಲವಂತ ಆಗುತ್ತಿತ್ತು. ಕ್ಷಮಿಸುವುದು ಮಗುವಿನ ಕರ್ತವ್ಯವಲ್ಲ. ಶನಿವಾರ ಅವಳ ಗುಂಪು, ಭಾನುವಾರ ಅವನ ಗುಂಪು ಎಂದು ಮಾಡಿದೆವು. ಮಿಕ್ಕ ಮಕ್ಕಳು ತಮಗೆ ಬೇಕಾದ ದಿನ ಆರಿಸಿಕೊಂಡರು. ಎರಡೂ ದಿನ ಎರಡೂ ಕೇರಿಯವರು ಇದ್ದರು, ಅದು ತನ್ನಿಂದ ತಾನೇ ಆಯಿತು.

ಪ್ರಸಂಗ ಯಾವುದು?

ಮೇ ತಿಂಗಳಿಗೆ ಒಂದು ಪ್ರದರ್ಶನ ಆಗಲಿ ಎಂದು ಶಾಲೆಯವರು ಕೇಳಿದರು. ಮಕ್ಕಳ ಮೇಳ ಎಂದರೆ ಎಲ್ಲರ ಬಾಯಿಗೆ ಮೊದಲು ಬರುವುದು ಅಭಿಮನ್ಯು. ಎಳೆಯ ಹುಡುಗ, ವೀರರಸ, ಚಪ್ಪಾಳೆ ಖಂಡಿತ. ಆದರೆ ಅದು ಒಬ್ಬ ಹುಡುಗನನ್ನು ದೊಡ್ಡವರು ಸುತ್ತುವರಿದು ಕೊಲ್ಲುವ ಕಥೆ. ಈ ಮಕ್ಕಳಲ್ಲಿ ಯಾರು ಅಭಿಮನ್ಯು ಆಗಬೇಕು? ಸುತ್ತುವರಿಯುವವರು ಯಾರಾಗಬೇಕು? ಬಬ್ರುವಾಹನ, ಲವಕುಶ ಎಂದು ಬೇರೆ ಹೆಸರು ಬಂದವು, ಅಲ್ಲೂ ಯುದ್ಧವೇ. ಯುದ್ಧದ ಕಥೆ ಆಘಾತಕ್ಕೆ ಮದ್ದು, ಸಿಟ್ಟೆಲ್ಲ ಹೊರಗೆ ಹೋಗುತ್ತದೆ ಎನ್ನುವವರಿದ್ದಾರೆ. ನುರಿತ ಚಿಕಿತ್ಸಕರ ಕೈಯಲ್ಲಿ, ವರ್ಷಗಟ್ಟಲೆ ಕೆಲಸದ ನಂತರ, ದೊಡ್ಡವರ ಜೊತೆ ಅದು ಆಗಬಹುದು. ಐದು ತಿಂಗಳ ಶಾಲಾ ತರಗತಿಯಲ್ಲಿ ಅದು ಅಪಾಯ.

ಗುರುಗಳು ಪ್ರಸಂಗಕ್ಕೂ ಮೊದಲು ಕುಣಿಯುವ ಪೂರ್ವರಂಗದ ಕಡೆ ತೋರಿಸಿದರು. ಹಿಂದೆ ಮೇಳಕ್ಕೆ ಸೇರಿದ ಹುಡುಗರು ಮೊದಲು ಕೋಡಂಗಿ ಆಗುತ್ತಿದ್ದರು, ಆಮೇಲೆ ಬಾಲಗೋಪಾಲ. ಕಥೆ ಇಲ್ಲ, ಸೋಲು ಗೆಲುವು ಇಲ್ಲ, ಬರೀ ಕುಣಿತ. ರಂಗಕ್ಕೆ ಹೆದರದೆ ಬರುವುದನ್ನು ಕಲಿಸಲು ನಮ್ಮ ಹಿರಿಯರು ಮಾಡಿಟ್ಟ ದಾರಿ ಅದು. ವೇಷ ಇಲ್ಲದೆ ಅದರ ಹೆಜ್ಜೆಗಳನ್ನಷ್ಟೇ ತೆಗೆದುಕೊಂಡೆವು. ಜೊತೆಗೆ ಒಂದು ಕೋಲಾಟ.

ಕೋಲಾಟಕ್ಕೆ ನಾನು ತುಂಬ ಹಿಂದೆ ಮುಂದೆ ನೋಡಿದೆ. ಗಲಾಟೆ ಆದ ಊರಿನ ಮಕ್ಕಳ ಕೈಗೆ ಕೋಲು ಕೊಡುವುದೇ? ಆದರೆ ಐದನೇ ತಿಂಗಳಿಗೆ ಅವರಿಗೆ ತಾಳ ಮೈಗೆ ಹತ್ತಿತ್ತು. ಎದುರಿನವರ ಕೋಲು ಎಲ್ಲಿ, ಯಾವ ಗಳಿಗೆಗೆ ಬರುತ್ತದೆ ಎಂದು ಗೊತ್ತಿದ್ದರೆ ಮಾತ್ರ ಕೋಲಾಟ ಆಗುವುದು. ತಪ್ಪಿದರೆ ಬೆರಳಿಗೆ ಪೆಟ್ಟು. ಒಂದು ತೊಡಕಿತ್ತು: ವೃತ್ತದ ಕೋಲಾಟದಲ್ಲಿ ಜೋಡಿ ಬದಲಾಗುತ್ತಾ ಎಲ್ಲರೂ ಎಲ್ಲರ ಎದುರಿಗೆ ಬರುತ್ತಾರೆ. ಎರಡೂ ದಿನದ ಗುಂಪುಗಳು ಒಂದೇ ವೃತ್ತದಲ್ಲಿ ನಿಂತರೆ ಹುಡುಗಿ ಆ ಹುಡುಗನ ಎದುರಿಗೆ ಬರಲೇಬೇಕು. ಅದಕ್ಕೆ ಪ್ರದರ್ಶನವನ್ನೇ ಎರಡು ಮಾಡಿದೆವು. ಶನಿವಾರದ ಗುಂಪು ಬೆಳಿಗ್ಗೆ ಕುಣಿಯಿತು, ಭಾನುವಾರದ ಗುಂಪು ಸಂಜೆ. ನೋಡಲು ಬಂದವರು ಎರಡು ಸಲ ಬರಬೇಕಾಯಿತು. ಬಂದರು.

ಇದನ್ನೆಲ್ಲ ಚಿಕಿತ್ಸೆ ಎಂದು ಯಾರೂ ಕರೆಯಬಾರದು. ನೃತ್ಯ ಚಿಕಿತ್ಸೆ ಬೇರೆಯೇ ವಿದ್ಯೆ. ಅಮೆರಿಕದಲ್ಲಿ ಮೇರಿಯನ್ ಚೇಸ್ 1942ರಲ್ಲಿ ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಆ ಕೆಲಸ ಶುರು ಮಾಡಿದರು. ನಮ್ಮ ದೇಶದಲ್ಲಿ ಕೋಲ್ಕತ್ತಾ ಸಂವೇದ್ 2004ರಿಂದ ಹಿಂಸೆ, ಮಾನವ ಸಾಗಣೆಯಿಂದ ಪಾರಾದವರ ಜೊತೆ ಅದನ್ನು ಮಾಡುತ್ತಿದೆ. ಅದಕ್ಕೆ ತರಬೇತಿ ಬೇಕು, ಮೇಲ್ವಿಚಾರಣೆ ಬೇಕು. ಇಲ್ಲಿ ನಡೆದದ್ದು ಕಲಿಕೆ. ಗುರುಗಳು ಹೆಜ್ಜೆ ತಿದ್ದಿದರು, ಗಾಯ ಕೆದಕಲಿಲ್ಲ. ಕಲಿಕೆಯ ಮಿತಿ ಏಪ್ರಿಲ್‌ನಲ್ಲಿ ಗೊತ್ತಾಯಿತು: ಒಬ್ಬ ಹುಡುಗ ಬದುಕು ಬೇಡ ಎಂಬ ಮಾತಾಡಿದ. ಅದೇ ಸಂಜೆ ಮನೆಯವರನ್ನು ಕೂರಿಸಿಕೊಂಡು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು, ಕನ್ನಡದಲ್ಲೇ ಮಾತಾಡಿದರು. ಮರುದಿನ ಕಾರವಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಚಿಕಿತ್ಸೆ ನಡೆಯುತ್ತಿದೆ. ಬಿಡುವಾದ ವಾರ ಅವನು ತರಗತಿಗೂ ಬಂದ. ಇಂಥ ತರಗತಿ ಮಾಡುವವರು ಮೊದಲ ದಿನಕ್ಕೂ ಮೊದಲೇ ಈ ದಾರಿ ಹುಡುಕಿ ಇಟ್ಟುಕೊಂಡಿರಬೇಕು.

18 ಮಕ್ಕಳಲ್ಲಿ 15 ಮಂದಿ ಕೊನೆಯ ತನಕ ಇದ್ದರು. ಒಂದು ಮನೆಯವರು ಊರು ಬಿಟ್ಟರು. ಇನ್ನಿಬ್ಬರಿಗೆ ಇದು ಹಿಡಿಸಲಿಲ್ಲ, ಕ್ರಿಕೆಟ್‌ಗೆ ಹೋದರು, ಅದೂ ಒಳ್ಳೆಯದೇ. ಹುಡುಗಿಯ ಬೆಳಗಿನ ಹೊಟ್ಟೆನೋವು ಮಾರ್ಚ್ ನಂತರ ಅಪರೂಪವಾಯಿತು. ಕ್ಲಾಸಿನಲ್ಲಿ ಬಾಗಿಲ ಜಾಗ ಬಿಟ್ಟು ಎರಡನೇ ಸಾಲಿಗೆ ಬಂದಳು. ಕಾಲ ಕಳೆದಂತೆ ತುಂಬ ಮಕ್ಕಳು ತಾವಾಗಿ ಚೇತರಿಸಿಕೊಳ್ಳುತ್ತಾರೆ, ಎಲ್ಲವನ್ನೂ ಕುಣಿತದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಜೂನ್‌ನಲ್ಲಿ ಮಳೆ ಹಿಡಿದಾಗ ಶೀಟಿನ ಸದ್ದಿಗೆ ಮತ್ತೆ ನಿದ್ದೆ ಕೆಟ್ಟಿತು. ಈ ಸಲ ತಮ್ಮನ ಬೆನ್ನ ಮೇಲೆ ಬೆರಳಿನಿಂದ ಏಕತಾಳ ತಟ್ಟುತ್ತಾ ಮಲಗುತ್ತಾಳೆ ಎಂದು ತಾಯಿ ಹೇಳಿದರು.

ಹುಡುಗನ ಕೇಸು ಮಂಡಳಿಯಲ್ಲಿ ಇನ್ನೂ ಇದೆ. ಅವನು ತರಗತಿಗೆ ಬಂದ ಹಾಜರಿಯನ್ನು ಪರಿವೀಕ್ಷಣಾಧಿಕಾರಿ ತಮ್ಮ ವರದಿಗೆ ಸೇರಿಸಿದ್ದಾರೆ. ಅವನು ಐಟಿಐ ಸೇರಿದ್ದಾನೆ, ವಾರಕ್ಕೊಮ್ಮೆ ಚಂಡೆ ಕಲಿಯಲು ಗುರುಗಳ ಮನೆಗೆ ಹೋಗುತ್ತಾನೆ.

ಎರಡನೇ ತಂಡಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದೇವೆ. ಗುರುಗಳ ಸಂಭಾವನೆಗೆ ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿದ್ದಾರೆ. ಮದ್ದಳೆಯವರಿಗೆ ಇನ್ನೂ ಆಗಬೇಕು. ಚಂಡೆ ಈ ಸಲವೂ ಎರಡನೇ ತಿಂಗಳಿಗೇ. ಹುಡುಗಿ ಬರುತ್ತೇನೆ ಎಂದಿದ್ದಾಳೆ, ದಿನ ಬೇರೆ ಇದ್ದರೆ ಮಾತ್ರ. ಶನಿವಾರ, ಭಾನುವಾರ ಎಂದು ಪಟ್ಟಿ ಮೊದಲೇ ಬರೆದು ಶಾಲೆಯ ಗೋಡೆಗೆ ಅಂಟಿಸಿದ್ದೇವೆ.